ಓಗಾ

ಮುಶಿನ್ ಪೇಟೆಯಲ್ಲಿ ಈ ಪದ ಬೆಳಗಿನ ಐದಕ್ಕೇ ಏಳುತ್ತದೆ,
ಡ್ಯಾನ್‌ಫೋ ಬಸ್ಸಿನ ಕ್ಲೀನರ್ ಹುಡುಗನ ಬಾಯಲ್ಲಿ,
ಹಲ್ಲುಜ್ಜುವ ಮೊದಲೇ.
ಓಗಾ, ಚಿಲ್ಲರೆ ಕೊಡು. ಓಗಾ, ಕಾಲು ತೆಗಿ.
ಓಗಾ, ಈ ಸೀಟೇನು ನಿಮ್ಮಪ್ಪಂದಾ?
ಬೈಗುಳಕ್ಕೂ ಇದೇ ಪದ,
ಒಂದಿಷ್ಟು ಎಣ್ಣೆ ಸವರಿದ್ದು.

ನಾನು ಅಶಾಬಿ. ಜನರೇಟರ್ ರಿಪೇರಿ ಶೆಡ್ಡಿನಲ್ಲಿ
ನಾಲ್ಕು ವರ್ಷ ಕೆಲಸ ಕಲಿತವಳು.
ಮೊದಲ ದಿನ ಅಮ್ಮ ನನ್ನ ಮಂಡಿ ಊರಿಸಿ ಹೇಳಿಸಿದಳು:
ಇವರು ಸಿಕಿರು ಅಲ್ಲ, ಮಾಮ ಅಲ್ಲ, ಓಗಾ.
ಅವರ ಹೆಸರು ಅವತ್ತೇ ಮೂಲೆಯ ಡಬ್ಬಕ್ಕೆ ಬಿತ್ತು,
ಹೊಂದದ ನಟ್ಟುಗಳ ಜೊತೆ.
ಸ್ಪಾನರ್ ಕೊಡುವಾಗ ಓಗಾ.
ಬೆರಳು ಜಜ್ಜಿಕೊಂಡು ಅಳುವಾಗ ಓಗಾ.
ಬಾಕಿ ಉಳಿಸಿ ಓಡಿದ ಗಿರಾಕಿಯನ್ನು ಗಲ್ಲಿಯ ತುದಿಯಲ್ಲಿ ಹಿಡಿದು,
ಹಿಡಿದ ಅಂಗಿ ಬಿಡದೆ,
ಓಗಾ, ಕೈ ಮುಗಿತೀನಿ, ದುಡ್ಡು.

ಒಂದು ಮಧ್ಯಾಹ್ನ ಕೌನ್ಸಿಲ್ಲಿನ ಜೀಪು ಬಂತು.
ಇಳಿದವನಿಗೆ ಮೀಸೆ ಇನ್ನೂ ಅರ್ಜಿ ಹಾಕಿಕೊಂಡಿತ್ತು, ಮಂಜೂರಾಗಿರಲಿಲ್ಲ.
ನನ್ನ ಓಗಾ ಎದ್ದು ನಿಂತು ಅವನಿಗೆ
ಓಗಾ ಎಂದರು.
ಆ ಸದ್ದು ನಮ್ಮ ಶೆಡ್ಡಿನದಲ್ಲ,
ಕಾರ್ಬುರೇಟರಿಗೆ ನೀರು ಹೊಕ್ಕಾಗ ಬರುವಂಥದು.
ಅಷ್ಟರಲ್ಲಿ ಅವನ ಫೋನು ಕೂಗಿತು.
ಬೆನ್ನು ಬಗ್ಗಿಸಿ, ಕಾಣದ ಯಾರಿಗೋ
ಓಗಾ, ಓಗಾ, ಸರಿ ಓಗಾ ಎಂದ.
ಆ ಕಡೆಯವನ ಮೇಲೂ ಒಬ್ಬ ಇರಬೇಕು. ಅವನ ಮೇಲೆ?
ಏಣಿ ಯಾವ ಗೋಡೆಗೆ ಒರಗಿದೆಯೆಂದು ನೋಡಿದವರಿಲ್ಲ.
ಮೆಟ್ಟಿಲು ಒರೆಸುವುದು ಮಾತ್ರ ನಮಗೆ ಬರುತ್ತದೆ.

ಅಜ್ಜಿ ಹೇಳುತ್ತಿದ್ದಳು, ನಮ್ಮ ಯೊರುಬಾದಲ್ಲಿ
ಅರ್ಧ ಅರ್ಥ ಇರುವುದು ದನಿಯಲ್ಲೇ.
ಕೊನೆಯ ಅಕ್ಷರವನ್ನು ಮೇಲಕ್ಕೆತ್ತು: ಯಜಮಾನ.
ಕೆಳಗಿಳಿಸು: ಬೇಲಿಯ ಮೇಲಿನ ಗೋಸುಂಬೆ.
ಜೀಪಿನವನಿಗೆ ರಸೀದಿಯಿಲ್ಲದ ನೋಟು ಕೊಡುತ್ತಾ
ನಾನೂ ಓಗಾ ಎಂದೆ,
ಬಾಲವನ್ನು ಮೆಲ್ಲಗೆ ನೆಲಕ್ಕೆ ಬಿಟ್ಟು.
ಅವನು ಗಂಭೀರವಾಗಿ ತಲೆಯಾಡಿಸಿದ.
ನನ್ನ ಓಗಾ ಕೆಮ್ಮಿದರು.
ಅದು ಕೆಮ್ಮಲ್ಲವೆಂದು ತಿಳಿದದ್ದು
ಸಂಜೆ, ಪ್ಲಗ್ ತಿಕ್ಕುವಾಗ.

ಗಂಡು ಹೆಣ್ಣು ಎಂಬುದಿಲ್ಲ ಈ ಪದಕ್ಕೆ.
ಆದರೂ ಹೆಂಗಸರಿಗೆಂದು 'ಮೇಡಂ' ಎಂಬ ಬೇರೆ ಕುರ್ಚಿ,
ಬಾಗಿಲ ಪಕ್ಕ, ಗಾಳಿ ಬಾರದ ಕಡೆ.

ಬಿಡುಗಡೆಯ ದಿನ
(ಕೆಲಸ ಕಲಿತು ಮುಗಿಸುವುದನ್ನು ಇಲ್ಲಿ ಹಾಗೇ ಕರೆಯುವುದು)
ಜೊಲ್ಲೋಫ್ ಅನ್ನ, ಬಾಡಿಗೆ ಸ್ಪೀಕರು, ಅಮ್ಮನ ಎತ್ತರದ ತಲೆಗಟ್ಟು.
ಓಗಾ ನನ್ನ ನೆತ್ತಿಯ ಮೇಲೆ ಕೈಯಿಟ್ಟು ಏನೋ ಗೊಣಗಿದರು.
ಆ ಕೈಯ ಗ್ರೀಸು ಎರಡು ದಿನ ಹೋಗಲಿಲ್ಲ.
ನಾನೂ ತೊಳೆಯಲಿಲ್ಲ.

ಸೋಮವಾರ, ನನ್ನದೇ ತಗಡಿನ ಕೆಳಗೆ,
ಒಬ್ಬ ಹುಡುಗ. ಬೆನ್ನಿಗೆ ಅವನಮ್ಮನ ತಿವಿತ.
ಓಗಾ, ಎಂದ.
ಹಿಂತಿರುಗಿ ನೋಡಿದೆ.
ಹಿಂದೆ ಗೋಡೆ, ಹೋದ ವರ್ಷದ ಕ್ಯಾಲೆಂಡರು.
ಏರಿಸಿ ಅಂದನೋ, ಇಳಿಸಿ ಅಂದನೋ,
ಪಕ್ಕದ ಯಂತ್ರದ ಗದ್ದಲದಲ್ಲಿ ಕೇಳಲಿಲ್ಲ.
ಇನ್ನೊಂದು ಸಲ ಹೇಳು, ಅನ್ನಲು ಬಾಯಿ ತೆರೆದೆ.
ಮುಚ್ಚಿದೆ.
ಹೇಳಿಸಿಕೊಳ್ಳುವ ಆಸೆ ಶುರುವಾಗುವುದು ಹೀಗೇ ಇರಬೇಕು.
ನನ್ನ ಹೆಸರು ಅಶಾಬಿ, ಅಂದೆ.
ಅವನಮ್ಮ ಅವನ ತಲೆಗೊಂದು ಮೊಟಕಿದಳು,
ಕರೆದೀಯ ಜೋಕೆ, ಅಂತ.
ಅವನು ಇಬ್ಬರ ಮುಖವನ್ನೂ ನೋಡಿ, ಲೆಕ್ಕ ಹಾಕಿ,
ಆಯ್ತು ಓಗಾ ಅಶಾಬಿ, ಎಂದ.