ಕಡಿತ

ಸೂರ್ ಅಂದರೆ ಈ ಊರು. ನಮ್ಮ ಭಾಷೆಯಲ್ಲಿ ಸೂರು ಅಂದರೆ ಬೇರೆ.
ಹಾಯಿಹಡಗು ಕಟ್ಟುವ ಅಂಗಳ ದಾಟಿ
ಉಪ್ಪು ತಿಂದ ಗೋಡೆಯಾಚೆ ಹೆಂಗಸರ ವಾರ್ಡು.
ಈ ಹಡಗಿನ ಮರ ಒಂದು ಕಾಲಕ್ಕೆ ನಮ್ಮ ಕರೆಯಿಂದಲೇ ಬರುತ್ತಿತ್ತಂತೆ.
ಮರವನ್ನು ಯಾರೂ ಕೇಳುವುದಿಲ್ಲ.
ನನ್ನನ್ನು ಅಲ್ಲಿಗೆ ಕರೆದದ್ದು ಸೂಜಿಗಲ್ಲ, ನಾಲಿಗೆಗೆ:
'ಸಿಸ್ಟರ್ ಸೆವ್ರಿನ್, ನಿಮ್ಮ ಕಡೆಯವಳೊಬ್ಬಳು ಇದ್ದಾಳೆ.'

ನಮ್ಮ ಕಡೆ ಎಂದರೆ ಬಾಗೇಪಲ್ಲಿ. ನಾನು ಕಲ್ಯಾಣಪುರದವಳು,
ಬಾಗೇಪಲ್ಲಿಯನ್ನು ಬಸ್ಸಿನ ಬೋರ್ಡಿನಲ್ಲೂ ಕಂಡವಳಲ್ಲ.
ಇಲ್ಲಿಂದ ನೋಡಿದರೆ ಎರಡೂ ಒಂದೇ ಓಣಿ.

ಮುನಿರತ್ನಮ್ಮ ಕೂತಿದ್ದಳು. ತೂಕದ ತಟ್ಟೆಯಲ್ಲಿ ಅವಳ ಅಪರಾಧ
ಕೈಕಾಲು ಬಡಿಯುತ್ತಿತ್ತು, ಐದು ಕಿಲೋ ಇನ್ನೂರು.
ಅಧಿಕಾರಿ ಬಗ್ಗಿ ಅದರ ಕೆನ್ನೆ ಮುಟ್ಟಿ ಮಾಷಾ ಅಲ್ಲಾ ಎಂದಳು,
ಆಮೇಲೆ ಫೈಲು ತೆರೆದಳು.

ಡಾಕ್ಟರ್ ನೆರ್ಮೀನ್ ಒಳ್ಳೆಯವಳು, ಅದನ್ನು ಮೊದಲೇ ಹೇಳಿಬಿಡುತ್ತೇನೆ.
ಬೆಂಕಿಕಡ್ಡಿಯಷ್ಟಿರುವುದನ್ನು ಮೇಜಿನ ಮೇಲಿಟ್ಟು ವಿವರಿಸಿದಳು:
ತೋಳಿನೊಳಗೆ, ಮೂರು ವರ್ಷ, ಅಂಥ ನೋವಿಲ್ಲ, ಬೇಡವಾದಾಗ ತೆಗೆಯಬಹುದು.
ಒಪ್ಪಿದರೆ ಉಳಿದ ಏಳು ತಿಂಗಳೂ ಕಡಿತ.
ಹೋದ ತಿಂಗಳು ಇಬ್ಬರು ಒಪ್ಪಿದರು, ಎಂದಳು ಅಧಿಕಾರಿ,
ನಗುತ್ತಾ ವಿಮಾನ ಹತ್ತಿದರು.

ಕಡಿತ. ಹೇಳುವಾಗ ನನ್ನ ಬಾಯಿ ತಡೆಯಿತು.
ಹಾವಿಗೂ ಅದೇ ಮಾತು, ಸಂಬಳಕ್ಕೂ ಅದೇ.
ಕಾಗದದ ಕೊನೆಯಲ್ಲಿ: ಯಾರ ಒತ್ತಾಯವೂ ಇಲ್ಲದೆ ನನ್ನ ಒಪ್ಪಿಗೆ.
ಶಾಲೆಯಲ್ಲಿ ನಾವು ಮಗ್ಗಿ ಒಪ್ಪಿಸುತ್ತಿದ್ದೆವು,
ಕೈಕಟ್ಟಿಕೊಂಡು, ಬೆತ್ತದ ಎದುರು.
ಒಪ್ಪಿಗೆ, ಎಂದೆ. ಅವಳಿಗೆ ಯಾವುದು ಕೇಳಿಸಿತೋ.

'ಬ್ಯಾಡ ಅಂದ್ರೆ ಏನ್ ಮಾಡ್ತಾರಕ್ಕಾ?'
ಏನೂ ಮಾಡುವುದಿಲ್ಲ. ಇದ್ದಲ್ಲೇ ಇರ್ತಿ, ಅಷ್ಟೆ.
'ಅದೇ ತಾನೇ ಮಾಡೋದು.'

ಇದನ್ನು ಅರಬ್ಬಿಗೆ ತಿರುಗಿಸುವಷ್ಟರಲ್ಲಿ ಇನ್ನೊಂದು ಬಂತು:
'ಅವನ್ಗೂ ಹಾಕ್ತಾರಾ?'
ಅವನು ಫೈಲಿನಲ್ಲಿಲ್ಲ.
ಆದರೂ ಪುಟ ತಿರುವಿ ನೋಡಿದರು, ಸೌಜನ್ಯಕ್ಕೆ.

ಏಳು ತಿಂಗಳು ಎಂದರೆ ಈ ಮಗು ಮಗುಚುವುದು, ತೆವಳುವುದು,
ಏನನ್ನಾದರೂ ಹಿಡಿದು ಎದ್ದು ನಿಲ್ಲುವುದು. ಹಿಡಿಯಲು ಇಲ್ಲಿ ಸರಳುಗಳಿವೆ.
ಹಾಕಿಸಿಕೋ ಮಾರಾಯ್ತಿ, ಎಂದೇ ಮನಸ್ಸು ತಳ್ಳುತ್ತಿತ್ತು.
ಆ ಕಡ್ಡಿಯ ಮೇಲೆ ನನಗೆ ಹಗೆಯಿಲ್ಲ.
ಎಷ್ಟು ಹೆಂಗಸರು ಗಂಡನಿಗೆ ತಿಳಿಯದಂತೆ
ಪರ್ಸಿನ ಚಿಲ್ಲರೆ ಎಣಿಸಿಕೊಂಡು ಬಂದಿದ್ದಾರೆ ನನ್ನ ಬಳಿ,
ತೋಳು ಚಾಚಿ, ಕಣ್ಣು ಮುಚ್ಚಿ, ಬೇಗ ಹಾಕು ಅಂತ.

'ನೀನಾದ್ರೆ ಹಾಕಿಸ್ಕೊಂತಿದ್ದಾ?'
ತೋಳಂಗಿ ಮೇಲೆ ಸರಿಸಿದೆ. ಎಡಗೈ, ಒಳಮಗ್ಗುಲು,
ಒತ್ತಿದರೆ ಮಾತ್ರ ಸಿಗುತ್ತದೆ. ಅವಳ ಬೆರಳನ್ನು ಅಲ್ಲಿಟ್ಟೆ.
ರಜೆ ಹಾಕಿ, ನನ್ನ ದುಡ್ಡು ಕೊಟ್ಟು,
ಬರುತ್ತಾ ಒಂದು ಕರಕ್ ಚಾ ಕುಡಿದು ಬಂದಿದ್ದೆ.

ತುಸು ಹೊತ್ತು ಅವಳು ಬೆರಳು ತೆಗೆಯಲಿಲ್ಲ.
'ನಿಂಗೆಷ್ಟು ತಿಂಗ್ಳು ಬಿಟ್ರು?'

ಮಗುವಿಗೆ ಬಿಕ್ಕಳಿಕೆ ಶುರುವಾಯಿತು. ತೂಕದ ಮುಳ್ಳು
ಪ್ರತಿ ಬಿಕ್ಕಿಗೂ ಒಂದಿಷ್ಟು ಅಲ್ಲಾಡಿ ಹಿಂದಕ್ಕೆ ಬರುತ್ತಿತ್ತು.
ಏನಂತೆ? ಎಂದರು ಇಬ್ಬರೂ.
ನೀಲಿ ಶಾಯಿಯ ಪ್ಯಾಡಿನ ಮುಚ್ಚಳ ಆಗಲೇ ತೆರೆದಿತ್ತು.

ಈ ಊರಲ್ಲಿ ಎಂಟು ವರ್ಷ,
ರೋಗಿಯ ಒಂದು ಮಾತನ್ನೂ ತಪ್ಪಾಗಿ ದಾಟಿಸಿದವಳಲ್ಲ ನಾನು.
ಅವಳಿಗೆ ಸಮಯ ಬೇಕಂತೆ, ಎಂದೆ.