ಮಾರಿಕುಪ್ಪಂ ದಫ್ತರ

ಹಳೇ ಸೀರೆಯಲ್ಲಿ ಸುತ್ತಿಟ್ಟ ದಫ್ತರ ಬಿಚ್ಚಿ
ಉಪದೇಶಿ ಆರೋಗ್ಯಸಾಮಿ ಸೀನುತ್ತಾರೆ:
‘ಧೂಳಲ್ಲಮ್ಮ, ಸಯನೈಡ್ ದಿಬ್ಬದ ಗಾಳಿ.’

ಸಾವಿರದ ಒಂಬೈನೂರ ಮೂರು. ಸಿಕ್ಕಿದ ಮುತ್ತಾತ:
ಕಾರ್ನೇಲಿಯಸ್ ಹ್ಯಾನ್ಲನ್,
ಸುರಂಗಕ್ಕೆ ಮರದಾಸರೆ ಕೊಡುವವ,
ಐರ್ಲೆಂಡು, ಕ್ಲೇರ್ ಸೀಮೆ. ಊರಿನ ಹೆಸರು
ಅರ್ಧ ಹುಳ ತಿಂದಿದೆ.
ಇರಲಿ, ಹೋದರೆ ಇಳಿಯಲೊಂದು ಅರ್ಧ ಊರಾದರೂ ಇದೆ.

ಪಕ್ಕದ ಮನೆಯಲ್ಲಿ, ತಾಯಿ: ಮೇರಿ.
ಅಂಚಿನಲ್ಲಿ ಸಣ್ಣಗೆ:
ಅದೇ ಬೆಳಿಗ್ಗೆ ಜ್ಞಾನಸ್ನಾನ.

ಹಿಂದಿನ ರಾತ್ರಿ ಅವಳನ್ನು
ಊಟಕ್ಕೆ ಏನೆಂದು ಕೂಗಿದರು?

ನಮ್ಮಲ್ಲಿ ಮಗು ಹಟ ಹಿಡಿದರೆ
‘ಎಲ್ಲಾ ಚೆಂಗಮ್ಮನ ಬುದ್ಧಿ’ ಅನ್ನುತ್ತಾರೆ.
ಯಾವ ಚೆಂಗಮ್ಮ, ಯಾರೂ ಕೇಳಿದ್ದಿಲ್ಲ.

‘ನಕಲು ಬೇಕಾ? ಐವತ್ತು ರೂಪಾಯಿ.’
ಬೇಕು.
ಪೆನ್ಸಿಲ್ಲೂ ಒಂದು ಕೊಡಿ.