ಸೋರುವ ಜಾಗ

ಚಳ್ಳಕೆರೆ ಕುರಿಯ ನೆತ್ತರು ಕಲಸಿದ ತಟ್ಟೆಯ ಮೇಲೆ
ರಾತ್ರಿ ಕಳೆಯುವುದರೊಳಗೆ ಬಂಗಾರದ ಚುಕ್ಕಿಗಳು.
ನೋಡಲು ಚೆಂದ.

ಹೆಸರು ಪಾಲಯ್ಯ. ವಯಸ್ಸು ನಲವತ್ತನಾಲ್ಕು.
ಹೆದ್ದಾರಿ ಬದಿ ಪಂಚರ್ ಅಂಗಡಿ.
ಮಾದರಿ: ತೊಡೆಯ ಕುರು, ಕೀವು.

ಮೊದಲ ಸಲ ಎದ್ದಾಗ ಮೆಡಿಕಲ್ ಶಾಪಿನವನು
ಸ್ಟ್ರಿಪ್ಪಿನಿಂದ ಎರಡೇ ಗುಳಿಗೆ ಕತ್ತರಿಸಿ ಕೊಟ್ಟನಂತೆ.
ಮತ್ತೊಂದು ಸಲ ಹತ್ತು. ನೋವು ಇಳಿದ ಸಂಜೆಯೇ
ಉಳಿದದ್ದು ಹೆಂಡತಿಯ ತಮ್ಮನ ಕೆಮ್ಮಿಗೆ ಹೋಯಿತು.
ಬಿಸಾಡಕ್ಕೆ ದುಡ್ಡೇನು ಪುಕ್ಕಟೆ ಬಂತಾ, ಎಂದ.
ನಾನೇನು ಹೇಳಲಿ. ನನ್ನ ಬ್ಯಾಗಿನಲ್ಲೂ ಇದೆ
ಹೀಗೇ ಅರ್ಧಕ್ಕೆ ಬಿಟ್ಟ ಒಂದು ಸ್ಟ್ರಿಪ್ಪು.
ಆಮೇಲೆ ವಾರ್ಡಿನಲ್ಲಿ ಇಪ್ಪತ್ತಾರು ದಿನ,
ಸೂಜಿಯಲ್ಲಿ ಇಳಿಸುವ ಕೊನೆಯ ಮದ್ದು.

ಪೆನಿಸಿಲಿನ್ ಬಿಲ್ಲೆಯ ಅಂಚಿಗೇ ಬಂದು ಕೂತಿವೆ,
ಸಂಜೆ ಕಟ್ಟೆಗೆ ಹರಟೆಗೆ ಬಂದವರ ಹಾಗೆ.
ಕೊನೆಯ ಮದ್ದಿಗೆ ಬೇರೆ ಪರೀಕ್ಷೆ, ಕುಳಿಗಳ ಸಾಲು.
ಎರಡರಲ್ಲಿ ತಿಳಿಯಾಗಬೇಕಿತ್ತು. ಮಬ್ಬು.
ನಾಲ್ಕರಲ್ಲೂ, ಕನ್ನಡಕ ಒರೆಸಿ ನೋಡಿದೆ, ಮಬ್ಬು.
ಎಂಟರಲ್ಲಿ ತಿಳಿ.
ಬಗ್ಗಿದವು ಎನ್ನುವಂತಿಲ್ಲ, ಗೆದ್ದವು ಎನ್ನುವಂತಿಲ್ಲ.
ವರದಿಯಲ್ಲಿ ಅದಕ್ಕೂ ಒಂದು ಖಾನೆಯಿದೆ: ನಡುಮಟ್ಟ.

ಮೇಡಂ ಅಂದರು, ಗೋಡೆ ದಪ್ಪ ಮಾಡಿಕೊಂಡಿವೆ ಕಣೇ,
ಸುತ್ತಿನ ಮೇಲೆ ಸುತ್ತು. ಮದ್ದು ಹೊರಸುತ್ತಿನಲ್ಲೇ
ಸಿಕ್ಕಿಹಾಕಿಕೊಳ್ಳುತ್ತೆ.

ಕಿಟಕಿಯಾಚೆ ದುರ್ಗದ ಬೆಟ್ಟ,
ಬಿಸಿಲಿಗೆ ಬೆನ್ನು ಕೊಟ್ಟ ಕೋಟೆ.
ಈ ಊರಲ್ಲಿ ಹುಟ್ಟಿ, ಆಡಿದ ಎಲ್ಲ ಆಟದಲ್ಲೂ
ನಾನು ಒಳಗಿನವಳೇ. ಏಳು ಸುತ್ತೂ ನಮ್ಮವೇ.
ಹೊರಗೆ ನಿಂತು ಕಿಂಡಿ ಹುಡುಕುವ ಪಾಳಿ
ಬಂದದ್ದು ಇದೇ ಮೊದಲು.

ಇನ್ನೊಮ್ಮೆ ಮಾಡು, ಎಂದರು. ಮಾಡಿದೆ. ಎಂಟು.

ಮಧ್ಯಾಹ್ನ ಕೌಂಟರಿನ ಸರಳು ಹಿಡಿದು ನಿಂತಿದ್ದಾನೆ,
ವಾರ್ಡಿನಿಂದ ಗೋಡೆ ಸವರುತ್ತ ನಡೆದು ಬಂದವನು.
"ಯಕ್ಕಾ, ಸೋರೋ ಜಾಗ ಸಿಕ್ತಾ?
ನಾವಾದ್ರೆ ಟ್ಯೂಬು ನೀರಿಗೆ ಮುಳುಗಿಸ್ತೀವಿ,
ಗುಳ್ಳೆ ಎದ್ದಲ್ಲಿ ಬೆರಳಿಡ್ತೀವಿ, ಅಷ್ಟೇಯ."

ಬೆರಳು.
ದಿನಾ ಸಂಜೆ ಆ ಸರಳನ್ನೇ ನಾನು ಎಳೆದು ಹಾಕುವುದು.
ಹಾಕಿ, ಮೂಗು ಉಜ್ಜಿಕೊಂಡು, ಬಸ್ಸು ಹತ್ತಿ, ಮನೆ,
ಮಗುವಿನ ಬಾಯಿಗೆ ಮುದ್ದೆಯ ತುತ್ತು.

ವೈದ್ಯರು ಬಂದು ಹೇಳ್ತಾರೆ, ಅಂದೆ ಅವನಿಗೆ.
ಅವನು ಹೋದ ಮೇಲೆ ಕೈ ತೊಳೆದೆ, ಮತ್ತೆ ತೊಳೆದೆ.
ಹತ್ತಿಕಡ್ಡಿಯೊಂದನ್ನು ಬಿಚ್ಚಿ
ನನ್ನದೇ ಮೂಗಿನೊಳಗೆ ತಿರುವಿದೆ.

ಹೊಸ ತಟ್ಟೆ. ಗೆರೆ ಎಳೆದಾಯಿತು.
ಹೆಸರಿನ ಚೀಟಿ ಅಂಟಿಸಿದ್ದೇನೆ,
ಹೆಸರು
ಇನ್ನೂ ಬರೆದಿಲ್ಲ.